ಸುಲಿಯುವ ರಾತ್ರಿಗಳು, ಬರೆದುಕೊಟ್ಟ ಕಾಗದಗಳು

(ಶಿವಮೊಗ್ಗದಲ್ಲಿ ಪೋಷಕರು ಮತ್ತು ಶಿಕ್ಷಕರ ಮುಂದೆ ಆಡಿದ ಮಾತುಗಳ ಬರಹ ರೂಪ)

ನನ್ನನ್ನು ಕಂಡರೆ ಪೋಷಕರು ಸಾಮಾನ್ಯವಾಗಿ ಕೇಳುವುದು ಒಂದೇ. "ಮೇಷ್ಟ್ರೇ, ನಮ್ಮ ಹುಡುಗ ಪುಸ್ತಕ ಮುಟ್ಟಲ್ಲ. ಯಾವ ಪುಸ್ತಕ ಕೊಡಿಸಲಿ?" ಪ್ರಾಥಮಿಕ ಶಾಲೆಯಲ್ಲಿ ಕನ್ನಡ ಕಲಿಸುತ್ತಲೇ ಕೂದಲು ಬೆಳ್ಳಗಾದವನು ನಾನು. ಪುಸ್ತಕದ ಹೆಸರು ಹೇಳುವುದು ಕಷ್ಟವಲ್ಲ. ಆದರೆ ಮೊದಲು ನಾನೇ ಎರಡು ಮಾತು ಕೇಳುತ್ತೇನೆ. ಮನೆಯಲ್ಲಿ ಅವನಿಗೆ ಕಥೆ ಹೇಳುವವರು ಯಾರು? ಅವನು ಹೇಳಿದ್ದನ್ನು ಕೂತು ಕೇಳುವವರು ಯಾರು? ಹೆಚ್ಚಿನವರು ಸುಮ್ಮನಾಗುತ್ತಾರೆ. ಇವತ್ತು ನಿಮ್ಮ ಹತ್ತಿರ ಮಾತಾಡಬೇಕು ಅಂದುಕೊಂಡಿದ್ದೂ ಇದನ್ನೇ.

ನಿಮ್ಮಲ್ಲಿ ಅಡಿಕೆ ತೋಟದವರು ಎಷ್ಟೋ ಜನ ಇದ್ದೀರಿ. ತೋಟ ಇಲ್ಲದಿದ್ದರೂ ಸುಲಿಯಲು ಹೋದವರು ಇದ್ದೀರಿ. ದೀಪಾವಳಿ ಹೊತ್ತಿಗೆ ಅಡಿಕೆ ಗೊನೆ ಕೊಯ್ಲು ಶುರುವಾದರೆ ಮನೆ ಅಂಗಳದಲ್ಲಿ ರಾತ್ರಿ ಅನ್ನುವುದೇ ಇರುತ್ತಿರಲಿಲ್ಲ, ಅಲ್ವಾ? ಹಸಿ ಅಡಿಕೆ ರಾಶಿ ಬಿದ್ದಿರುತ್ತದೆ. ಅದನ್ನು ಬಾಡುವುದರೊಳಗೆ ಸುಲಿಯಬೇಕು. ಬೆಳಗ್ಗೆ ಹಂಡೆಗೆ ಹಾಕಿ ಬೇಯಿಸಬೇಕು. ಹಾಗಾಗಿ ಹೆಂಗಸರೆಲ್ಲ ಕಾಲಲ್ಲಿ ಮೆಟ್ಟಿ ಹಿಡಿಯುವ ಮೆಟ್ಟುಗತ್ತಿ ಮುಂದೆ ಸಾಲಾಗಿ ಕೂತು ನಡುರಾತ್ರಿವರೆಗೆ ಸುಲಿಯುತ್ತಿದ್ದರು. ನಿದ್ದೆ ಬಂದರೆ ಕೈ ಕುಯ್ಯುತ್ತದೆ. ನಿದ್ದೆ ಬರಬಾರದು ಅಂದರೆ ಮಾತು ಬೇಕು. ಹಾಗೆ ಶುರುವಾಗುತ್ತಿತ್ತು ಕಥೆ.

ಅಲ್ಲಿ ಕಥೆ ಹೇಳುವವರಿಗೆ ಒಂದು ಜಾಣತನ ಇತ್ತು. ರಾಶಿ ಎಷ್ಟು ಉಳಿದಿದೆ ಅಂತ ಕಣ್ಣಲ್ಲೇ ಅಳೆದು ಕಥೆಯನ್ನು ಎಳೆಯುತ್ತಿದ್ದರು, ಇಲ್ಲವೇ ಚುಟುಕಾಗಿಸುತ್ತಿದ್ದರು. ರಾಶಿ ದೊಡ್ಡದಿದ್ದರೆ ರಾಜಕುಮಾರ ಇನ್ನೊಂದು ಕಾಡು ದಾಟಬೇಕಾಗುತ್ತಿತ್ತು. ಮಧ್ಯೆ ಇನ್ನೊಬ್ಬಳು ಬಾಯಿ ಹಾಕಿ, "ಹಾಗಲ್ಲ, ಅವಳು ಬಾವಿಗೆ ಹಾರಲಿಲ್ಲ, ಹುಲಿ ಗವಿಗೆ ಹೋದಳು" ಅಂತ ತಿದ್ದುತ್ತಿದ್ದಳು. ಒಂದು ಕಥೆಯನ್ನು ಹೀಗೂ ಹೇಳಬಹುದು, ಹಾಗೂ ಹೇಳಬಹುದು ಅನ್ನುವುದು ನನಗೆ ತಿಳಿದಿದ್ದು ಅಲ್ಲಿ, ಗೋಣಿಚೀಲದ ಮೇಲೆ ಮಲಗಿಕೊಂಡು. ಮುಂದೆ ಕಾಲೇಜಿನಲ್ಲಿ ಪಾಠಾಂತರ ಅಂತ ಅದನ್ನೇ ಓದಿದೆ. ಅಷ್ಟೇನೂ ಹೊಸದು ಅನ್ನಿಸಲಿಲ್ಲ.

ಮಕ್ಕಳ ಓದು ಕಣ್ಣಿನಿಂದ ಶುರುವಾಗುತ್ತದೆ ಅಂತ ನಾವು ತಿಳಿದಿದ್ದೇವೆ. ಕಪ್ಪು ಹಲಗೆ, ಅ ಆ ಇ ಈ, ಕಾಪಿ ಪುಸ್ತಕ. ಆದರೆ ಅದಕ್ಕೂ ನಾಲ್ಕೈದು ವರ್ಷ ಮೊದಲೇ ಅದು ಕಿವಿಯಲ್ಲಿ ಶುರುವಾಗಿರುತ್ತದೆ. 1986ರಲ್ಲಿ ಗಫ್ ಮತ್ತು ಟನ್ಮರ್ ಎಂಬ ಇಬ್ಬರು ಸಂಶೋಧಕರು ಓದಿನ ಬಗ್ಗೆ ಒಂದು ಸರಳ ಲೆಕ್ಕ ಮುಂದಿಟ್ಟರು. ಅಕ್ಷರ ಬಿಡಿಸಿ ಓದುವ ಶಕ್ತಿ ಒಂದು. ಮಾತು ಕೇಳಿ ಅರ್ಥ ಮಾಡಿಕೊಳ್ಳುವ ಶಕ್ತಿ ಇನ್ನೊಂದು. ಇವೆರಡನ್ನೂ ಗುಣಿಸಿದರೆ ಓದಿ ತಿಳಿಯುವ ಶಕ್ತಿ ಬರುತ್ತದೆ. ಗಮನಿಸಿ, ಅವರು ಕೂಡಿಸಿ ಅನ್ನಲಿಲ್ಲ, ಗುಣಿಸಿ ಅಂದರು. ಎರಡರಲ್ಲಿ ಯಾವುದು ಸೊನ್ನೆಯಾದರೂ ಉತ್ತರ ಸೊನ್ನೆಯೇ. ಅಕ್ಷರ ಚೆನ್ನಾಗಿ ಬಂದು, ಮಾತಿನ ಸಂಪತ್ತು ಇಲ್ಲದ ಮಗು ಗಟ್ಟಿಯಾಗಿ ಓದುತ್ತದೆ. "ಏನು ಓದಿದೆ?" ಅಂದರೆ ಮುಖ ನೋಡುತ್ತದೆ. ಇಂಥ ಮಕ್ಕಳನ್ನು ನಾನು ಈಚೆಗೆ ಜಾಸ್ತಿ ನೋಡುತ್ತಿದ್ದೇನೆ.

ಇಲ್ಲಿ ಕನ್ನಡದ ಒಂದು ವಿಷಯ ಹೇಳಲೇಬೇಕು. ನಮ್ಮ ವರ್ಣಮಾಲೆಯಲ್ಲಿ 49 ಅಕ್ಷರ ಅಂತೀವಿ. ಮಗುವಿಗೆ ಅಷ್ಟಕ್ಕೇ ಮುಗಿಯುವುದಿಲ್ಲ. 34 ವ್ಯಂಜನಕ್ಕೆ ಕಾಗುಣಿತ ಹಾಕಿ. ಐನೂರಕ್ಕೂ ಜಾಸ್ತಿ ರೂಪ ಆಗುತ್ತವೆ. ಆಮೇಲೆ ಒತ್ತಕ್ಷರ. ಕನ್ನಡ ಮಕ್ಕಳ ಓದನ್ನು ಹತ್ತಿರದಿಂದ ಅಧ್ಯಯನ ಮಾಡಿದ ಸೊನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಇದನ್ನೇ ತೋರಿಸಿದರು. ಇಂಗ್ಲಿಷ್ ಮಕ್ಕಳು 26 ಅಕ್ಷರ ಕಲಿತ ವೇಗದಲ್ಲಿ ನಮ್ಮ ಮಕ್ಕಳು ಕನ್ನಡದ ಅಕ್ಷರ ಕಲಿತು ಮುಗಿಸುವುದಿಲ್ಲ. ಆ ಕಲಿಕೆ ಮೂರನೇ, ನಾಲ್ಕನೇ ತರಗತಿವರೆಗೂ ನಡೆಯುತ್ತಲೇ ಇರುತ್ತದೆ. ಇದು ದಡ್ಡತನವಲ್ಲ. ನಮ್ಮ ಲಿಪಿಯೇ ಹಾಗಿದೆ. ಎರಡನೇ ಕ್ಲಾಸಿನಲ್ಲಿ ತಡವರಿಸುವ ಮಗುವಿಗೆ "ನಿನಗೆ ಓದು ಹತ್ತಲ್ಲ" ಅಂದುಬಿಟ್ಟರೆ, ಆ ಮಗು ಅದನ್ನು ನಂಬಿಬಿಡುತ್ತದೆ. ಶಿಕ್ಷಕರಿಗೆ ಇದನ್ನು ಕೈಮುಗಿದು ಹೇಳುತ್ತೇನೆ.

ಆ ಮೂರು ನಾಲ್ಕು ವರ್ಷದ ಕಷ್ಟದ ದಾರಿಯನ್ನು ಮಗು ಯಾಕೆ ನಡೆಯಬೇಕು ಹೇಳಿ? ಕೊನೆಗೆ ಸಿಗುವುದರ ರುಚಿ ಮೊದಲೇ ಗೊತ್ತಿದ್ದರೆ ಮಾತ್ರ ನಡೆಯುತ್ತದೆ. ಆ ರುಚಿ ಹತ್ತಿಸುವುದು ಮನೆಯವರ ದನಿ.

ಇದಕ್ಕೆ ದೂರ ಹೋಗಬೇಕಾಗಿಲ್ಲ. ತುಂಗಾ ನದಿ ದಂಡೆಯ ಹೊಸಹಳ್ಳಿಗೆ ಹೋಗಿ. ಮತ್ತೂರಿನ ಎದುರು ದಡ. ಗಮಕ, ಅಂದರೆ ಕಾವ್ಯವನ್ನು ರಾಗವಾಗಿ ವಾಚಿಸುವ ಕಲೆ. ಗಮಕ ಎಂದರೆ ಹೊಸಹಳ್ಳಿ ಅನ್ನುವಷ್ಟು ಆ ಊರಿಗೆ ಹೆಸರಿದೆ. ಅಲ್ಲಿನ ಗಮಕಿ ಎಚ್.ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಬಂತು. ಗಮಕದಲ್ಲಿ ರಾಗ ಇದೆ, ಆದರೆ ಅದು ಸಂಗೀತ ಕಚೇರಿ ಅಲ್ಲ. ಪದ್ಯದ ಪದ ಒಡೆಯುವ ಕಡೆ ಒಡೆದು, ಅರ್ಥ ಕೇಳುವವರಿಗೆ ಸಿಗುವ ಹಾಗೆ ವಾಚಿಸಬೇಕು. ಪಕ್ಕದಲ್ಲಿ ವ್ಯಾಖ್ಯಾನಕಾರರು ಕೂತು ಬಿಡಿಸಿ ಹೇಳುತ್ತಾರೆ. ಕುಮಾರವ್ಯಾಸನ ಭಾಮಿನಿ ಷಟ್ಪದಿಯನ್ನೇ ತೆಗೆದುಕೊಳ್ಳಿ. ಮೂರು ಮಾತ್ರೆ, ನಾಲ್ಕು ಮಾತ್ರೆ, ಮತ್ತೆ ಮೂರು, ಮತ್ತೆ ನಾಲ್ಕು. ಈ ನಡೆ ತೊಡೆಯ ಮೇಲೆ ಕೂತ ಮಗುವಿನ ಕಿವಿಗೆ ಬೀಳುತ್ತಾ ಬೀಳುತ್ತಾ ಮೈಗೆ ಇಳಿದುಬಿಡುತ್ತದೆ. ಮುಂದೆ ಹೈಸ್ಕೂಲಿನಲ್ಲಿ ಮಾತ್ರೆ ಎಣಿಸಿ ಪ್ರಸ್ತಾರ ಹಾಕಿಸುವಾಗ ಆ ಮಗುವಿಗೆ ಲೆಕ್ಕ ಬೇಕಾಗುವುದಿಲ್ಲ. ಎಲ್ಲಿ ತಪ್ಪಿತು ಅಂತ ಕಿವಿಯೇ ಹೇಳುತ್ತದೆ.

ಮಳೆಗಾಲದ ತಾಳಮದ್ದಳೆಯೂ ಹಾಗೇ. ಯಕ್ಷಗಾನ ಬಯಲಾಟದ ಮೇಳಗಳು ಮಳೆ ಹಿಡಿದ ಮೇಲೆ ತಿರುಗಾಟ ನಿಲ್ಲಿಸುತ್ತವೆ. ಆಗ ನಡೆಯುವ ತಾಳಮದ್ದಳೆಗೆ ವೇಷವಿಲ್ಲ, ಕುಣಿತವಿಲ್ಲ. ಜಗಲಿಯಲ್ಲೋ ದೇವಸ್ಥಾನದಲ್ಲೋ ಕೂತು ಬರೀ ಮಾತಿನಲ್ಲಿ ಕೃಷ್ಣ ಮತ್ತು ಕರ್ಣ ಎದುರಾಗುತ್ತಾರೆ. ಆ ಮಾತು ಬರೆದಿಟ್ಟದ್ದಲ್ಲ. ಪಾತ್ರದ ಮಾತಾಡುವ ಅರ್ಥಧಾರಿ ಅಲ್ಲೇ ಹುಟ್ಟಿಸಿ ಆಡಬೇಕು. ಕೃಷ್ಣ ಹೇಳಿದ್ದು ಸರಿ ಅಂತ ತಲೆದೂಗಿದ ಹುಡುಗ, ಕರ್ಣ ಬಾಯಿ ತೆಗೆದ ಕೂಡಲೇ ಇದೂ ಸರಿ ಅಂತ ಗೊಂದಲಕ್ಕೆ ಬೀಳುತ್ತಾನೆ. ಆ ಗೊಂದಲ ಬಹಳ ಒಳ್ಳೆಯದು. ಕಥೆ ಬರೆಯುವವನಿಗೆ ಬೇಕಾಗಿರುವುದೇ ಅದು.

ಮಳೆಯ ಬಗ್ಗೆ ಸ್ವಲ್ಪ ಹೇಳುತ್ತೇನೆ. ನಮ್ಮ ಕಡೆ ಓದುವವರು, ಬರೆಯುವವರು ಇಷ್ಟೊಂದು ಜನ ಯಾಕೆ ಅಂತ ಹೊರಗಿನವರು ಕೇಳುತ್ತಾರೆ. ನಾನು ಮಳೆಯ ಕಡೆ ಕೈ ತೋರಿಸುತ್ತೇನೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರ್‌ಗೂ ಜಾಸ್ತಿ ಸುರಿಯುತ್ತದೆ. ಆರಿದ್ರಾ ಹಿಡಿದರೆ ಬಿಡುವುದಿಲ್ಲ. ಆಮೇಲೆ ಪುನರ್ವಸು, ಪುಷ್ಯ. ಹಳ್ಳ ದಾಟುವ ಸಂಕ ಮುಳುಗಿದರೆ ಶಾಲೆ ಇಲ್ಲ. ಕರೆಂಟು ಹೋದರೆ ವಾರಗಟ್ಟಲೆ ಇಲ್ಲ. ಆಟಕ್ಕೆ ಹೊರಗೆ ಹೋದರೆ ಉಂಬಳ, ಅಂದರೆ ಜಿಗಣೆ. ಮಕ್ಕಳು ಬಚ್ಚಲ ಒಲೆ ಮುಂದೆ ಹಲಸಿನ ಬೀಜ ಸುಟ್ಟುಕೊಂಡು ಕೂರಬೇಕು. ಕೂತವರಿಗೆ ಏನಾದರೂ ಬೇಕಲ್ಲ. ನಮ್ಮ ಮನೆಗೆ ಯಾರೋ ತಂದ ಹಳೇ ಚಂದಮಾಮಗಳಿದ್ದವು. ರಟ್ಟು ಹೋಗಿ, ಕೆಲವಕ್ಕೆ ಕೊನೇ ಪುಟಗಳೇ ಇರಲಿಲ್ಲ. ಕನ್ನಡ ಚಂದಮಾಮ ಶುರುವಾಗಿದ್ದು 1949ರಲ್ಲಿ. ನಮ್ಮ ಹಳ್ಳಿ ತಲುಪುವ ಹೊತ್ತಿಗೆ ಒಂದೊಂದು ಸಂಚಿಕೆ ಎಷ್ಟು ಮನೆ ದಾಟಿ ಬಂದಿರುತ್ತಿತ್ತೋ. ಕೊನೆಯ ಪುಟ ಇಲ್ಲದ ಕಥೆಯ ಕೊನೆಯನ್ನು ನಾವೇ ಮಾಡಿಕೊಳ್ಳುತ್ತಿದ್ದೆವು. ನಾನು ಒಂದು ಹೇಳಿದರೆ ಅಕ್ಕ ಇನ್ನೊಂದು ಹೇಳುತ್ತಿದ್ದಳು. ಯಾರದು ಚೆನ್ನಾಗಿದೆ ಅಂತ ತೀರ್ಮಾನ ಮಾಡುವುದು ಅಜ್ಜಿ. ಅಜ್ಜಿಗೆ ಓದು ಬರುತ್ತಿರಲಿಲ್ಲ. ಆದರೆ ಕಥೆ ಎಲ್ಲಿ ಸಡಿಲವಾಯಿತು ಅಂತ ತಟ್ಟನೆ ಗೊತ್ತಾಗುತ್ತಿತ್ತು.

ಇಷ್ಟು ಹೇಳಿ ನಿಲ್ಲಿಸಿದರೆ, ಆ ಕಾಲ ಬಲು ಚಂದ ಇತ್ತು ಅಂತ ನೀವು ಮನೆಗೆ ಹೋಗುತ್ತೀರಿ. ಅದು ಪೂರ್ತಿ ನಿಜವಲ್ಲ.

ಆ ಸುಲಿಯುವ ರಾತ್ರಿಗಳಲ್ಲಿ ಕಥೆ ಹೇಳುತ್ತಿದ್ದ ಹೆಂಗಸರ ಮಕ್ಕಳೂ ಅದೇ ಗೋಣಿಚೀಲದ ಮೇಲೆ ನನ್ನ ಪಕ್ಕದಲ್ಲೇ ಮಲಗಿರುತ್ತಿದ್ದರು. ನಾನು ಕೇಳಿದ್ದನ್ನೆಲ್ಲ ಅವರೂ ಕೇಳಿದ್ದರು. ನನಗಿಂತ ಜಾಸ್ತಿಯೇ ಕೇಳಿದ್ದರು, ಮನೆಯಲ್ಲೂ ಅವರಮ್ಮ ಹೇಳುತ್ತಿದ್ದಳಲ್ಲ. ನನ್ನ ಓರಗೆಯ ಒಬ್ಬ ಹುಡುಗನಿಗೆ ಕಥೆ ಹೇಳುವ ಕಲೆ ಎಂಥದಿತ್ತು ಅಂದರೆ, ದನ ಕಾಯುವ ಹಾಡ್ಯದಲ್ಲಿ ಅವನ ಸುತ್ತ ನಾವೆಲ್ಲ ಕೂತುಬಿಡುತ್ತಿದ್ದೆವು. ಅವನು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟ. ಮನೆಯಲ್ಲಿ ಕೂಲಿಗೆ ಇನ್ನೊಂದು ಕೈ ಬೇಕಿತ್ತು. ನಮ್ಮ ಜಗಲಿಯ ಮೇಲೆ ಗಮಕ ನಡೆದರೆ ಅವನು ಅಂಗಳದಲ್ಲೇ ನಿಲ್ಲಬೇಕಿತ್ತು. ನನ್ನ ಕೈಗೆ ಬಂದ ರಟ್ಟು ಹರಿದ ಚಂದಮಾಮ ಅವನ ಕೈಗೆ ಹೋಗಲಿಲ್ಲ. ಒಂದೇ ಕಥೆ ಕೇಳಿ ಬೆಳೆದ ಇಬ್ಬರಲ್ಲಿ ಒಬ್ಬ ಇವತ್ತು ಇಲ್ಲಿ ನಿಂತು ಮಾತಾಡುತ್ತಿದ್ದಾನೆ. ಬಾಲ್ಯದ ಅನುಭವ ಅನ್ನುವಾಗ ಬರೀ ಅಜ್ಜಿ ಕಥೆ, ಮಳೆ, ಬೆಲ್ಲದ ಕಾಫಿ ಅಂತ ಹೇಳಿದರೆ ಸಾಲದು. ಆ ಮಗು ಯಾವ ಮನೆಯಲ್ಲಿ ಹುಟ್ಟಿತು, ಎಲ್ಲಿಯವರೆಗೆ ಅದನ್ನು ಒಳಗೆ ಬಿಟ್ಟರು ಅನ್ನುವುದೂ ಬಾಲ್ಯದ ಅನುಭವವೇ.

ಈಗ ಗುಣಾಕಾರದ ಲೆಕ್ಕಕ್ಕೆ ಬನ್ನಿ. ಆಗ ಅವನಂಥ ಮಕ್ಕಳಿಗೆ ಮಾತು ತುಂಬಿತ್ತು, ಅಕ್ಷರ ಕೈಗೆ ಸಿಗಲಿಲ್ಲ. ಈಗ ಹೆಚ್ಚುಕಡಿಮೆ ಎಲ್ಲ ಮಕ್ಕಳೂ ಶಾಲೆಯಲ್ಲಿದ್ದಾರೆ. ಅಕ್ಷರ ಇದೆ. ಮನೆಗೆ ಬಂದರೆ ಮಾತಿಲ್ಲ. ಅಡಿಕೆ ಸುಲಿಯಲು ಯಂತ್ರ ಬಂತು. ಬರಲಿ, ಆ ಹೆಂಗಸರ ಬೆನ್ನಿಗೆ ಆರಾಮಾಯಿತು. ಆದರೆ ಆ ರಾತ್ರಿಗಳ ಜಾಗಕ್ಕೆ ನಾವು ಬೇರೆ ಏನನ್ನೂ ತರಲಿಲ್ಲ.

ಮೇಳಿಗೆಯಲ್ಲಿ ಹುಟ್ಟಿದ ಯು.ಆರ್. ಅನಂತಮೂರ್ತಿಯವರು ಮನೆಯ ಮುಂದಿನ ಅಂಗಳ ಮತ್ತು ಹಿತ್ತಲು ಅಂತ ಎರಡು ಲೋಕಗಳ ಬಗ್ಗೆ ಹೇಳುತ್ತಿದ್ದರು. ಮುಂದೆ ಗಂಡಸರು, ಶಾಸ್ತ್ರ, ರಾಜಕೀಯ. ಹಿಂದೆ ಹೆಂಗಸರು, ಮನೆಮಾತು, ಗುಟ್ಟು, ಕಥೆ. ಎರಡೂ ಕಡೆ ಓಡಾಡಬಲ್ಲವರು ಮಕ್ಕಳು ಮಾತ್ರ. ಯಾರೂ ಅವರನ್ನು ತಡೆಯುವುದಿಲ್ಲ. ಬೆಳೆದ ಮೇಲೆ ಆ ಬಾಗಿಲು ಮುಚ್ಚುತ್ತದೆ. ಚಿಕ್ಕವರಿದ್ದಾಗ ಹಿತ್ತಲಲ್ಲಿ ಕೇಳಿಸಿಕೊಂಡಿದ್ದು ಆಮೇಲೆ ಎಷ್ಟು ಕೊಟ್ಟರೂ ಸಿಗುವುದಿಲ್ಲ.

ಕುವೆಂಪು ಅವರ ವಿಷಯ ನಿಮಗೆ ಗೊತ್ತೇ ಇದೆ. ಆದರೂ ಒಂದನ್ನು ನೆನಪಿಸುತ್ತೇನೆ, ಯಾಕೆಂದರೆ ಇಲ್ಲಿ ಇಂಗ್ಲಿಷ್ ಮೀಡಿಯಂ ಮಕ್ಕಳ ತಂದೆತಾಯಿ ಜಾಸ್ತಿ ಇದ್ದೀರಿ. 1904ರಲ್ಲಿ ಹುಟ್ಟಿ ಕುಪ್ಪಳಿಯಲ್ಲಿ ಬೆಳೆದ ಹುಡುಗ ಓದಲು ಮೈಸೂರಿಗೆ ಹೋದರು. ಅಲ್ಲಿ ಬರೆಯಲು ಶುರು ಮಾಡಿದ್ದು ಇಂಗ್ಲಿಷಿನಲ್ಲಿ. 1922ರಲ್ಲಿ ಅವರ ಮೊದಲ ಪುಸ್ತಕ ಬಂತು, ಅದೂ ಇಂಗ್ಲಿಷ್ ಕವಿತೆಗಳದ್ದೇ. ಆಮೇಲೆ ಐರಿಶ್ ಕವಿ ಜೇಮ್ಸ್ ಕಸಿನ್ಸ್ ಅವರ ಕವಿತೆ ನೋಡಿ, ನಿಮ್ಮ ನುಡಿಯಲ್ಲೇ ಬರೆಯಿರಿ ಎಂದು ಸಲಹೆ ಕೊಟ್ಟರು. ಈ ಕಥೆ ಹೇಳುವಾಗ ಎಲ್ಲರೂ ಕಸಿನ್ಸ್ ಅವರನ್ನು ಹೊಗಳಿ ನಿಲ್ಲಿಸುತ್ತಾರೆ. ನಾನು ಇನ್ನೊಂದು ಕೇಳುತ್ತೇನೆ. ಕನ್ನಡಕ್ಕೆ ತಿರುಗಿದಾಗ ಆ ಯುವಕನ ಹತ್ತಿರ ಬರೆಯಲು ಅಷ್ಟೊಂದು ಇತ್ತಲ್ಲ, ಅದು ಎಲ್ಲಿಂದ ಬಂತು? ಕುಪ್ಪಳಿ ಮನೆಯಲ್ಲಿ ಮಕ್ಕಳಿಗೆ ಕಲಿಸಿದ ಐಗಳಿಂದ ಬಂತು. ಆಳುಕಾಳುಗಳ ಮಾತಿನಿಂದ, ಬೇಟೆ ಕಥೆಗಳಿಂದ, ಕಾಡಿನ ಓಡಾಟದಿಂದ ಬಂತು. ಕನ್ನಡಕ್ಕೆ ತಿರುಗಿದ ಮೇಲೆ ಅವರು ಅದನ್ನು ಹೊಸದಾಗಿ ಹುಡುಕಲು ಹೋಗಲಿಲ್ಲ. ಅದು ಒಳಗಿತ್ತು. ಇಂಗ್ಲಿಷ್ ಕಲಿಸಿ, ಖಂಡಿತ ಕಲಿಸಿ. ಆದರೆ ಮಗುವಿನ ಜೊತೆ ಮನೆಯಲ್ಲೂ ನಮಗೇ ಸರಿಯಾಗಿ ಬಾರದ ಭಾಷೆಯಲ್ಲಿ ನಾಲ್ಕೇ ವಾಕ್ಯ ಆಡಿಕೊಂಡಿದ್ದರೆ, ಮುಂದೆ ಯಾವ ಕವಿ ಬಂದು ಸಲಹೆ ಕೊಟ್ಟರೂ ಒಳಗೆ ಏನಿರುತ್ತದೆ?

ಇಲ್ಲಿಯವರೆಗೆ ಓದಿನ ಮಾತಾಯಿತು. ಬರವಣಿಗೆಯ ಬಗ್ಗೆ ನನಗೆ ಹೇಳಬೇಕಾಗಿರುವುದು ಬೇರೆಯೇ ಇದೆ.

ನಮ್ಮ ಊರಿನಲ್ಲಿ ಓದು ಬರೆಹ ಬಲ್ಲವರು ಕಡಿಮೆ. ಐದನೇ ಕ್ಲಾಸಿಗೆ ಬರುವಷ್ಟರಲ್ಲಿ ನನ್ನ ಅಕ್ಷರ ದುಂಡಗಿದೆ ಅಂತ ಸುದ್ದಿಯಾಯಿತು. ಆಗಿನಿಂದ ನನಗೆ ಒಂದು ಕೆಲಸ ಬಂತು. ಕಾಗದ ಬರೆದುಕೊಡುವುದು. ಮಗಳನ್ನು ಘಟ್ಟದ ಕೆಳಗೆ ಕೊಟ್ಟವರು, ಮಗ ಬೊಂಬಾಯಿಯ ಹೋಟೆಲಿನಲ್ಲಿ ಕೆಲಸಕ್ಕಿರುವವರು, ಅಂಚೆಯ ನೀಲಿ ಇನ್‌ಲ್ಯಾಂಡ್ ಕಾಗದ ಹಿಡಿದು ಸಂಜೆ ಬರುತ್ತಿದ್ದರು. ಮೊದಲ ಸಾಲು ಎಲ್ಲರಿಗೂ ಒಂದೇ. ಇಲ್ಲಿ ನಾವೆಲ್ಲ ಕ್ಷೇಮ, ನಿಮ್ಮ ಕ್ಷೇಮಕ್ಕೆ ಬರೆಯುವುದು. ಅದನ್ನು ನಾನೇ ಬರೆದು ಮುಗಿಸುತ್ತಿದ್ದೆ. ಕಷ್ಟ ಶುರುವಾಗುತ್ತಿದ್ದುದು ಎರಡನೇ ಸಾಲಿನಿಂದ.

ನೆರೆಮನೆಯ ಒಬ್ಬ ಅಮ್ಮ ಬರುತ್ತಿದ್ದರು. ಗಂಡ ತೀರಿಕೊಂಡಿದ್ದರು. ಮಗ ಬೊಂಬಾಯಿ ಸೇರಿದ್ದ. ಅವರು ಹೇಳುತ್ತಾ ಹೋಗುತ್ತಿದ್ದರು. ಗೌರಿ ಕರು ಹಾಕಿತು. ಹೆಣ್ಣುಗರು. ಮಾಡಿನ ಹೆಂಚು ಒಡೆದಿದೆ. ತೋಟಕ್ಕೆ ಕೊಳೆ ರೋಗ ಬಂದಿದೆ. ಹೇಳುತ್ತಾ ಹೇಳುತ್ತಾ ಸುಮ್ಮನಾಗುತ್ತಿದ್ದರು. ಏನು ಬರೆಯಲಿ ಅಂತ ನಾನು ಕಾಯುತ್ತಿದ್ದೆ. ಒಂದು ಸಲ ಹಾಗೆ ಸುಮ್ಮನಾದಾಗ ನಾನೇ ಶಾಲೆಯಲ್ಲಿ ಕಲಿತ ಒಂದು ವಾಕ್ಯ ಸೇರಿಸಿದೆ. "ನಿನ್ನ ಅಗಲಿಕೆಯಿಂದ ನನ್ನ ಮನಸ್ಸು ಬಹಳ ದುಃಖಿತವಾಗಿದೆ." ಓದಿ ಹೇಳಿದೆ. ಅವರು ತಲೆ ಆಡಿಸಿದರು. "ಅದು ನಾನು ಹೇಳಿದ್ದಲ್ಲ ಮಗಾ, ತೆಗಿ." ಮತ್ತೇನು ಬರೆಯಲಿ ಅಂದೆ. ಸ್ವಲ್ಪ ಹೊತ್ತು ಬಿಟ್ಟು ಹೇಳಿದರು. "ಗಿಣ್ಣ ಮಾಡಿದೆ, ತಿನ್ನಲು ಯಾರೂ ಇರಲಿಲ್ಲ ಅಂತ ಬರಿ."

ಬರವಣಿಗೆ ಅಂದರೆ ಏನು ಅಂತ ನಾನು ಕಲಿತದ್ದು ಅವತ್ತು. ನನ್ನ ವಾಕ್ಯದಲ್ಲಿ ದುಃಖ ಅನ್ನುವ ಪದ ಇತ್ತು. ಅವರ ವಾಕ್ಯದಲ್ಲಿ ಆ ಪದವೇ ಇರಲಿಲ್ಲ. ಬೊಂಬಾಯಿಯಲ್ಲಿ ಆ ಹುಡುಗ ಯಾವುದನ್ನು ಓದಿ ಊರಿನ ಬಸ್ಸು ಹತ್ತುತ್ತಾನೆ, ನೀವೇ ಹೇಳಿ.

ಇನ್‌ಲ್ಯಾಂಡಿನಲ್ಲಿ ಜಾಗ ಕಡಿಮೆ. ಎಲ್ಲ ಬರೆಯಲು ಆಗುವುದಿಲ್ಲ. ಯಾವುದನ್ನು ಬಿಡಬೇಕು ಅಂತ ಅವರನ್ನೇ ಕೇಳುತ್ತಿದ್ದೆ. ಹೆಂಚಿನ ವಿಷಯ ಬಿಡು, ಅವನಿಗೆ ಯೋಚನೆ ಆಗುತ್ತದೆ ಅನ್ನುತ್ತಿದ್ದರು. ಹೀಗೆ ಬರೆಯುವುದನ್ನೂ ಬಿಡುವುದನ್ನೂ ಒಟ್ಟಿಗೆ ಕಲಿತೆ. ಉತ್ತರ ಬಂದಾಗ ಓದಿ ಹೇಳುವುದೂ ನಾನೇ. ಬಾಯಿ ಒಂದು ಸಾಲು ಓದುತ್ತಿದ್ದರೆ ಕಣ್ಣು ಮುಂದಿನ ಸಾಲಿಗೆ ಓಡಬೇಕು. ಕೆಟ್ಟ ಸುದ್ದಿ ಇದ್ದರೆ ದನಿಯನ್ನು ಮೊದಲೇ ಸ್ವಲ್ಪ ನಿಧಾನ ಮಾಡಬೇಕು. ಹತ್ತು ಹನ್ನೊಂದು ವರ್ಷದ ಹುಡುಗನಿಗೆ ಇದನ್ನು ಯಾವ ಪಠ್ಯಪುಸ್ತಕವೂ ಹೇಳಿಕೊಡಲಿಲ್ಲ. ಎದುರಿಗೆ ಒಬ್ಬರು ಕಾದು ಕೂತಿದ್ದಾರೆ, ಅವರಿಗೆ ಈ ಅಕ್ಷರ ಬೇಕಾಗಿದೆ ಅನ್ನುವುದೇ ಕಲಿಸಿತು.

ಈಗ ನಮ್ಮ ಶಾಲೆಗಳಲ್ಲಿ ಬರೆಸುವುದನ್ನು ನೋಡಿ. "ಪ್ರವಾಸಕ್ಕೆ ಹಣ ಕೋರಿ ತಂದೆಗೆ ಪತ್ರ." ಆ ತಂದೆ ಅದನ್ನು ಓದುವುದೇ ಇಲ್ಲ. ಮೇಷ್ಟ್ರು ಕೆಂಪು ಗೆರೆ ಎಳೆದು ಅಂಕ ಹಾಕುತ್ತಾರೆ. ಯಾರಿಗೂ ಬೇಡದ ಕಾಗದವನ್ನು ಮಗು ಯಾವ ಮನಸ್ಸಿನಿಂದ ಬರೆಯಬೇಕು? ನಾನು ನನ್ನ ತರಗತಿಯಲ್ಲಿ ನಿಜವಾದ ಕಾಗದಗಳನ್ನು ಬರೆಸುತ್ತಿದ್ದೆ. ಅಜ್ಜಿಗೆ, ಊರು ಬಿಟ್ಟು ಹೋದ ಗೆಳೆಯನಿಗೆ, ಪಂಚಾಯಿತಿಗೆ. ಮಕ್ಕಳು ಒಟ್ಟಾಗಿ ಸಂಕ ರಿಪೇರಿ ಮಾಡಿಸಿ ಅಂತ ಬರೆದದ್ದಕ್ಕೆ ಪಂಚಾಯಿತಿಯವರು ಬಂದು ನೋಡಿದ್ದೂ ಉಂಟು. ಅವತ್ತು ಆ ಮಕ್ಕಳ ಮುಖ ನೀವು ನೋಡಬೇಕಿತ್ತು.

ಬರೆಯುವುದು ನಿಜವಾದ ಬದುಕಿನದ್ದಾಗಿರಬೇಕು ಅನ್ನುವ ಈ ಮಾತು ಸಾಗರದ ಕಡೆಯವರಿಗೆ ಬೇಗ ಅರ್ಥವಾಗುತ್ತದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿ ಕಣಿವೆಯ ಊರುಗಳು ನೀರಿಗೆ ಹೋದವು. ಅದನ್ನು ಹತ್ತಿರದಿಂದ ಕಂಡ ನಾ. ಡಿಸೋಜ ಅವರು ಮುಳುಗಡೆಯ ಬಗ್ಗೆ ಬರೆಯುತ್ತಲೇ ಹೋದರು. ದೊಡ್ಡವರಿಗೂ ಬರೆದರು, ಮಕ್ಕಳಿಗೂ ಬರೆದರು. ಮಕ್ಕಳಿಗೆ ಇಂಥ ದುಃಖದ ವಿಷಯ ಯಾಕೆ ಅನ್ನುವವರಿದ್ದಾರೆ. ಮನೆ ಮುಳುಗುವಾಗ ಆ ಮನೆಯಲ್ಲಿ ಮಕ್ಕಳೂ ಇದ್ದರಲ್ಲ. ತನಗಾದದ್ದು ಪುಸ್ತಕದಲ್ಲಿದೆ ಅಂತ ಕಂಡ ಮಗು ಪುಸ್ತಕವನ್ನು ಬಿಡುವುದಿಲ್ಲ.

ಮಕ್ಕಳಿಗೆ ಕಥೆ, ಮಾತಿನ ರುಚಿ ಹತ್ತಿಸುವುದನ್ನು ಊರಿಗೆ ಊರೇ ಮಾಡಬಹುದಾ ಅಂದರೆ, ಮಾಡಿದ ಊರು ನಮ್ಮ ಜಿಲ್ಲೆಯಲ್ಲೇ ಇದೆ. ಹೆಗ್ಗೋಡಿನಲ್ಲಿ 1949ರಲ್ಲಿ ನೀನಾಸಂ ಎಂಬ ನಾಟಕ ಸಂಸ್ಥೆ ಶುರುವಾಯಿತು. ಕೆ.ವಿ. ಸುಬ್ಬಣ್ಣನವರು ಅದನ್ನು ಬೆಳೆಸಿದರು. 1991ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ನನಗೆ ಪ್ರಶಸ್ತಿಗಿಂತ ದೊಡ್ಡದಾಗಿ ಕಾಣುವುದು, ಅಡಿಕೆ ತೋಟದ ನಡುವಿನ ಆ ಊರಿನ ಮಕ್ಕಳು ದೇಶವಿದೇಶದ ನಾಟಕಗಳನ್ನು ಕನ್ನಡದಲ್ಲಿ, ಅಪ್ಪ ಅಮ್ಮನ ಪಕ್ಕ ಕೂತು ನೋಡುತ್ತಾ ಬೆಳೆದದ್ದು. ಅವರಿಗೆ ಅದು ವಿಶೇಷ ಅಲ್ಲವೇ ಅಲ್ಲ. ಸಂಜೆ ಊಟ ಮಾಡಿ ನಾಟಕಕ್ಕೆ ಹೋದೆವು, ಅಷ್ಟೇ.

ಎಲ್ಲ ಊರಿಗೂ ನೀನಾಸಂ ತರಲು ಆಗುವುದಿಲ್ಲ. ಗ್ರಾಮ ಪಂಚಾಯಿತಿ ಗ್ರಂಥಾಲಯ ಮಾತ್ರ ಇದ್ದೇ ಇದೆ. 2020ರಲ್ಲಿ ಶಾಲೆಗಳು ಮುಚ್ಚಿದ್ದಾಗ ಸರ್ಕಾರ ಓದುವ ಬೆಳಕು ಅಂತ ಕಾರ್ಯಕ್ರಮ ತಂದು ಅಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟಿತು. ನಿಮ್ಮ ಮಗುವಿನ ಹೆಸರು ಅಲ್ಲಿದೆಯಾ? ನಾಳೆ ಹೋಗಿ ನೋಡಿ. ಹೋದಾಗ ನೀವೂ ಒಂದು ಪುಸ್ತಕ ತೆಗೆದುಕೊಳ್ಳಿ. ಶಿಕ್ಷಕರಿಗೆ ಇನ್ನೊಂದು ಮಾತು. ನಾನು ಕೆಲಸ ಮಾಡಿದ ಒಂದು ಶಾಲೆಯಲ್ಲಿ ಪುಸ್ತಕದ ಬೀರುವಿಗೆ ಸದಾ ಬೀಗ. ಹರಿದರೆ ಆಡಿಟ್‌ನಲ್ಲಿ ಉತ್ತರ ಕೊಡಬೇಕು ಅನ್ನುವ ಹೆದರಿಕೆ. ಹರಿಯಲಿ ಬಿಡಿ. ಹತ್ತು ವರ್ಷ ಹೊಸದಾಗಿಯೇ ಉಳಿದ ಮಕ್ಕಳ ಪುಸ್ತಕ ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ.

ಮೊಬೈಲಿನ ಬಗ್ಗೆ ಏನೂ ಹೇಳಲಿಲ್ಲ ಅಂತ ಅಲ್ಲಿಂದ ಒಬ್ಬರು ಕೇಳುತ್ತಿದ್ದಾರೆ. ಅದನ್ನು ಕಿತ್ತುಕೊಂಡ ಮಾತ್ರಕ್ಕೆ ಮಗು ಪುಸ್ತಕ ಹಿಡಿಯುವುದಿಲ್ಲ. ಕಿತ್ತುಕೊಂಡ ಜಾಗದಲ್ಲಿ ನೀವು ಕೂರಬೇಕು. ರಾತ್ರಿ ಊಟ ಆದ ಮೇಲೆ ಕಾಲು ಗಂಟೆ ಗಟ್ಟಿಯಾಗಿ ಓದಿ ಹೇಳಿ. ಓದಲು ಬಾರದವರು ನಿಮ್ಮ ಬಾಲ್ಯದ್ದನ್ನು ಹೇಳಿ. ಅಂಟಿಕೆ-ಪಂಟಿಕೆಯವರು ರಾತ್ರಿ ದೀಪ ಹಿಡಿದು ಹಾಡಿಕೊಂಡು ಬಂದದ್ದು, ಹೊಳೆ ಉಕ್ಕಿದ್ದು, ಹುಲಿ ಕೊಟ್ಟಿಗೆಗೆ ನುಗ್ಗಿದ್ದು, ಏನಾದರೂ.

ಕೊನೆಗೆ ಒಬ್ಬ ತಾಯಿ ಕೇಳಿದ್ದಕ್ಕೆ ಉತ್ತರ ಕೊಡಬೇಕು. ಎಂಟನೇ ಕ್ಲಾಸಿನ ಮಗ ಒಂದು ನೋಟ್‌ಬುಕ್‌ನಲ್ಲಿ ಏನೋ ಬರೆಯುತ್ತಾನಂತೆ. ತೋರಿಸು ಅಂದರೆ ಬಚ್ಚಿಡುತ್ತಾನಂತೆ. ಅವನು ಶಾಲೆಗೆ ಹೋದಾಗ ತೆಗೆದು ನೋಡಲಾ ಅಂತ ಕೇಳುತ್ತಿದ್ದೀರಿ. ಬೇಡ ತಾಯಿ. ನೋಡಿದ್ದು ಅವನಿಗೆ ಗೊತ್ತಾಗುತ್ತದೆ. ಆ ನೋಟ್‌ಬುಕ್ ಅಲ್ಲಿಗೆ ನಿಲ್ಲುತ್ತದೆ. ಇನ್ನೊಂದು ಹೊಸ ನೋಟ್‌ಬುಕ್, ಒಂದು ಪೆನ್ನು ತಂದು ಅವನ ಮೇಜಿನ ಮೇಲೆ ಸುಮ್ನೆ ಇಟ್ಟುಬಿಡಿ. ಅವನಾಗಿ ತಂದು ತೋರಿಸಿದ ದಿನ ಒಲೆ ಮೇಲೆ ಏನಿದ್ದರೂ ಇಳಿಸಿ, ಕೂತು ಓದಿ. ಕಾಗುಣಿತ ತಿದ್ದಬೇಡಿ. ಮುಂದೆ ಏನಾಯಿತು ಅಂತ ಕೇಳಿ.